ಕಾರ್ಖಾನೆ ಮುಚ್ಚಿದರೂ ಎಂಜಿನ್ನು ನಿಲ್ಲಬೇಕಾಗಿಲ್ಲ



ಸಣ್ಣ ಬೆಳೆಗಾರನಿಗೆ ಮೋಟಾರ್ ಸೈಕಲ್ಲು ಷೋಕಿಯ ವಸ್ತುವಲ್ಲ. ಗೊಬ್ಬರದ ಚೀಲ, ಔಷಧದ ಡಬ್ಬಿ, ಪಂಪಿನ ಬಿಡಿಭಾಗ, ಶಾಲೆಯ ಮಕ್ಕಳು, ಎಲ್ಲವನ್ನೂ ಹೊರುವ ಎತ್ತು ಅದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಅಲ್ಲೊಂದು ಇಲ್ಲೊಂದು ಹಳೆಯ ಜಾವಾ, ಯೆಜ್ಡಿ ಗಾಡಿ ಇನ್ನೂ ಉಳಿದಿದೆ. ಕೆಲವು ಓಡುತ್ತಿವೆ, ಕೆಲವು ಕೊಟ್ಟಿಗೆಯ ಮೂಲೆಯಲ್ಲಿ ಗುಜರಿಯವನ ದಾರಿ ಕಾಯುತ್ತಿವೆ. ಕಿಲೋ ಲೆಕ್ಕದಲ್ಲಿ ಮಾರುವ ಮುನ್ನ ಒಮ್ಮೆ ಬಿಚ್ಚಿ, ಅಳೆದು ನೋಡಿರೆಂಬುದು ನಮ್ಮ ಸಲಹೆ.

ಈ ಗಾಡಿಗಳು ನಮ್ಮ ರಾಜ್ಯದವೇ. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ತಾಂತ್ರಿಕ ಸಹಕಾರದಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಇವನ್ನು ತಯಾರಿಸಿತು. 1973ರಿಂದ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಪೇಟೆಗೆ ಬಂದವಾದರೂ ಅವುಗಳದು ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್ನು. ಅದರ ಭಾಗಗಳು ಇದಕ್ಕೆ ಹೊಂದುವುದಿಲ್ಲ. ಆದುದರಿಂದ ಹಳೆಯ ಎಂಜಿನ್ನು ಉಳಿಯುವುದೂ ಅಳಿಯುವುದೂ ಮಾಲೀಕನ ಕೈಯಲ್ಲೇ ಇದೆ.

ಗಾಳಿಯೇ ತಂಪು

ಈ ಎಂಜಿನ್ನಿಗೆ ರೇಡಿಯೇಟರಿಲ್ಲ, ನೀರಿನ ಪಂಪಿಲ್ಲ. ಸಿಲಿಂಡರಿನ ಸುತ್ತಲಿರುವ ರೆಕ್ಕೆಗಳಂಥ ಪಟ್ಟಿಗಳಿಗೆ ಗಾಳಿ ತಾಗಿದರೆ ಮಾತ್ರ ಬಿಸಿ ಹೋಗುತ್ತದೆ. ಆ ಸಂದುಗಳಲ್ಲಿ ಎರೆಮಣ್ಣು, ಎಣ್ಣೆ ಜಿಡ್ಡು ಸೇರಿ ಗಟ್ಟಿಯಾದರೆ ಎಂಜಿನ್ನಿಗೆ ಕಂಬಳಿ ಹೊದಿಸಿದಂತೆ. ತಿಂಗಳಿಗೊಮ್ಮೆ ಎಂಜಿನ್ನು ತಣ್ಣಗಿದ್ದಾಗ ಬಿದಿರಿನ ಸೀಳಿನಿಂದ ಮಣ್ಣು ಕೆರೆದು, ಡೀಸೆಲ್ಲಿನಲ್ಲಿ ಅದ್ದಿದ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು. ಭಾರ ಹೇರಿಕೊಂಡು ಮೊದಲ ಗೇರಿನಲ್ಲಿ ಬಹಳ ಹೊತ್ತು ಎಳೆಸಬಾರದು. ಬಿಸಿ ಹೆಚ್ಚುತ್ತದೆ, ಗಾಳಿ ಸಾಲದು.

ಇದು ಎರಡು ಸ್ಟ್ರೋಕಿನ ಎಂಜಿನ್ನಾದ್ದರಿಂದ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಆಧಾರ. 1:25 ಎಂದರೆ ಲೀಟರಿಗೆ 40 ಮಿ.ಲೀ. ಎಣ್ಣೆ. ಕಣ್ಣಳತೆ ಬೇಡ; ಔಷಧ ಸಿಂಪಡಣೆಗೆ ಬಳಸದ ಬೇರೆ ಅಳತೆ ಲೋಟ ಇಟ್ಟುಕೊಳ್ಳಿ.

ಮಸಿ ತೆಗೆಯುವುದು

ಗಾಡಿ ಏರು ಹತ್ತದೆ, ವೇಗ ಹಿಡಿಯದೆ ಮಂಕಾದರೆ ಕಾರ್ಬೊರೇಟರನ್ನೇ ಬೈಯಬೇಡಿ. ಹಲವು ಸಲ ಹೊಗೆದಾರಿಯಲ್ಲೂ ಸೈಲೆನ್ಸರಿನಲ್ಲೂ ಮಸಿ ಕಟ್ಟಿರುತ್ತದೆ. ಹೆಡ್ಡು, ಸಿಲಿಂಡರು ಬಿಚ್ಚಿ, ಕೆಳಗಿನ ಬಾಯಿಗೆ ಶುಭ್ರ ಬಟ್ಟೆ ತುರುಕಿ, ನಂತರವೇ ಮಸಿ ಕೆರೆಯಿರಿ. ಪಿಸ್ಟನ್ನಿನ ತಲೆ ಅಲ್ಯೂಮಿನಿಯಮ್ಮಿನದು, ಮೆತ್ತಗಿನ ಲೋಹ. ಸ್ಕ್ರೂ ಡ್ರೈವರು ಗೀರು ಹಾಕುತ್ತದೆ. ಬಿದಿರಿನ ಅಥವಾ ಗಟ್ಟಿ ಮರದ ಚೂರು ಸಾಕು.

ಲೇತಿನವನ ಕೆಲಸ ಯಾವುದು?

ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ, ಅದರ ಬಾಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಇಂಥ 65 ಮಿ.ಮೀ. ವ್ಯಾಸದ ಸಿಲಿಂಡರಿಗೆ ಹೊಸ ರಿಂಗಿನ ಸಂದು ಸುಮಾರು 0.2ರಿಂದ 0.3 ಮಿ.ಮೀ. ಇರುತ್ತದೆ. ಅದಕ್ಕಿಂತ ಬಹಳ ಅಗಲವಾಗಿದ್ದರೆ ರಿಂಗು ಅಥವಾ ಸಿಲಿಂಡರು ಸವೆದಿದೆಯೆಂದು ತಿಳಿಯಬೇಕು. ಹೊಸ ರಿಂಗು ಹಾಕಿಯೂ ಸಂದು ದೊಡ್ಡದಿದ್ದರೆ ಸಿಲಿಂಡರೇ ಸವೆದಿದೆ, ಬೋರಿಂಗ್ ಆಗಲೇಬೇಕು.

ಆಗ ನಿಪ್ಪಾಣಿಯವರು ಕೊಲ್ಲಾಪುರಕ್ಕೆ, ಕಾಗವಾಡದವರು ಮಿರಜಕ್ಕೆ ಹೋಗಬಹುದು. ಮೊದಲು ಪಿಸ್ಟನ್ನು ಕೊಳ್ಳಿ. ಅದನ್ನು ಸಿಲಿಂಡರಿನ ಜೊತೆಯಲ್ಲೇ ಲೇತಿನವನ ಕೈಗೆ ಕೊಟ್ಟು, ಅದರ ಅಳತೆಗೆ ಬೋರು ಹೊಡೆಸಿ. ಬಿಸಿಗೆ ಅಲ್ಯೂಮಿನಿಯಮ್ಮು ಬೀಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಸಂದು ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಬಡಿಯುತ್ತದೆ.

ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದು ನೋಡಿ. ಪಕ್ಕಕ್ಕೆ ಸ್ವಲ್ಪ ಆಡಬಹುದು. ಮೇಲೆ ಕೆಳಗೆ ಕಿಂಚಿತ್ತೂ ಆಡಕೂಡದು. ಆಡಿದರೆ ಕ್ರ್ಯಾಂಕಿನ ಕೆಲಸ. ಅದು ಪ್ರೆಸ್ಸು, ಅಳತೆಯ ಗಡಿಯಾರ ಇರುವ ಅನುಭವಿ ಮಿಸ್ತ್ರಿಯದು, ಸುತ್ತಿಗೆಯಿಂದ ಆಗುವಂಥದ್ದಲ್ಲ. ಬಿಳಿ ಹೊಗೆ ಬಂದು ಗೇರ್ ಬಾಕ್ಸಿನ ಎಣ್ಣೆ ಕಡಿಮೆಯಾಗುತ್ತಿದ್ದರೆ ಕ್ರ್ಯಾಂಕಿನ ಎಣ್ಣೆ ಸೀಲು ಹೋಗಿರುವ ಸಂಭವ ಹೆಚ್ಚು.

ಜೋಡಿಸುವಾಗ

ಪಿಸ್ಟನ್ನಿನ ಗಾಳೆಯಲ್ಲಿರುವ ಚಿಕ್ಕ ಪಿನ್ನಿಗೆ ರಿಂಗಿನ ಬಾಯಿ ಸರಿಯಾಗಿ ಕೂರಬೇಕು. ಇಲ್ಲವಾದರೆ ಸಿಲಿಂಡರು ಇಳಿಸುವಾಗಲೇ ರಿಂಗು ಮುರಿಯುತ್ತದೆ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ಪುಗಳನ್ನು ಪ್ರತಿ ಸಲವೂ ಹೊಸದಾಗಿ ಹಾಕತಕ್ಕದ್ದು. ಕಾಸಿನ ಕ್ಲಿಪ್ಪು ಕಳಚಿದರೆ ಸಾವಿರಾರು ರೂಪಾಯಿಯ ಸಿಲಿಂಡರು ಹಾಳು. ಹೆಡ್ಡಿನ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಬೋರಿಂಗ್ ಆದ ಮೇಲೆ ಮೊದಲ 500 ಕಿ.ಮೀ. ಭಾರ ಹೇರದೆ, ಪೂರ್ತಿ ವೇಗ ಕೊಡದೆ ಓಡಿಸಿರಿ.

ನೆರೆ ನೀರು ಹೊಕ್ಕರೆ

2019ರ ಆಗಸ್ಟಿನಲ್ಲೂ 2021ರ ಜುಲೈಯಲ್ಲೂ ಕೃಷ್ಣೆ, ದೂಧಗಂಗಾ, ವೇದಗಂಗಾ ಉಕ್ಕಿದ್ದನ್ನು ನಮ್ಮ ಕಡೆಯವರು ಮರೆತಿಲ್ಲ. ಮುಳುಗಿದ ಗಾಡಿಗೆ ಕೂಡಲೇ ಕಿಕ್ ಹೊಡೆಯಬೇಡಿ. ಗಾಳಿಯಂತೆ ನೀರು ಕುಗ್ಗುವುದಿಲ್ಲ, ರಾಡು ಬಾಗಬಹುದು. ಹೂಳಿನ ಮರಳು ಸಿಲಿಂಡರನ್ನು ಗೀರುತ್ತದೆ. ಮೊದಲು ಪ್ಲಗ್ಗು ಕಳಚಿ, ಟ್ಯಾಂಕು, ಕಾರ್ಬೊರೇಟರು, ಗೇರ್ ಬಾಕ್ಸು ಬರಿದು ಮಾಡಿ. ಬಸಿದ ಎಣ್ಣೆ ಹಾಲು ಚಹಾದಂತಿದ್ದರೆ ನೀರು ಒಳಹೊಕ್ಕಿದೆ. ಸಿಲಿಂಡರು ತೆಗೆದು, ಒಳಗೆ ಡೀಸೆಲ್ಲು ಸುರಿದು, ಸ್ವಚ್ಛವಾಗುವವರೆಗೆ ತೊಳೆದು, ಎಣ್ಣೆ ಹಾಕಿಡಿ. ತಡಮಾಡಿದಷ್ಟೂ ಬೇರಿಂಗಿಗೆ ತುಕ್ಕು ಹತ್ತುತ್ತದೆ. ಕ್ರ್ಯಾಂಕು ತಿರುಗಿಸುವಾಗ ಮರಳಿನ ಕರಕರ ಕೇಳಿಸಿದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿಸದೆ ವಿಧಿಯಿಲ್ಲ.

ಕೊನೆಯದಾಗಿ, ಒಂದು ನೋಟುಬುಕ್ಕು ಇಡಿ. ಎಷ್ಟನೆಯ ಬೋರು, ಯಾವ ಅಳತೆಯ ಪಿಸ್ಟನ್ನು, ಯಾವ ದಿನ ಸೀಲು ಬದಲಾಯಿತು ಎಂಬುದನ್ನೆಲ್ಲ ಬರೆಯಿರಿ. ಮುಂದೆ ಮಗನೋ ಮಗಳೋ ಈ ಎಂಜಿನ್ನನ್ನು ಬಿಚ್ಚಿದಾಗ ಕಾರ್ಖಾನೆ ಕೊಡಲಾರದ ಮಾಹಿತಿಯನ್ನು ಆ ಪುಸ್ತಕ ಕೊಡುತ್ತದೆ. ಫೀಲರ್ ಗೇಜು, ಎಳೆಯುವ ಪುಲ್ಲರು ಇಂಥ ಸಾಮಾನುಗಳನ್ನು ಒಬ್ಬೊಬ್ಬರೂ ಕೊಳ್ಳುವ ಅಗತ್ಯವಿಲ್ಲ. ನಾಲ್ಕು ಮನೆಯವರು ಕೂಡಿ ಒಂದು ಜೊತೆ ತಂದಿಟ್ಟುಕೊಂಡರೆ ಸಾಕು. ಸಹಕಾರವೆಂದರೆ ಸಾಲ, ಗೊಬ್ಬರ ಮಾತ್ರವಲ್ಲ. ಪಾನಾ ಪಕ್ಕಡುಗಳಲ್ಲೂ ಅದು ಇರಲಿ.