ಫಾರಂ ತುಂಬುವ ಕೈ ಯಾರದು?

1969ನೇ ಇಸವಿ. ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಮೈಸೂರಿಗೆ ಬಂದು ಪದವಿ ತರಗತಿಗೆ ಸೇರಿದ್ದೆ. ಅಂದು ಕಾಲೇಜಿನ ಮೊದಲ ದಿನ. ಯಾವ ಕಟ್ಟಡ, ಯಾವ ಕೋಣೆ ಎಂದು ಹೇಳುವವರು ಯಾರೂ ಇರಲಿಲ್ಲ. ನೋಟಿಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಕುಳ್ಳನಾದ ನನಗೆ ಮುಂದಿದ್ದವರ ಬೆನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲ. ಹತ್ತಾರು ಹುಡುಗರು ಒಂದು ಕೋಣೆಯೊಳಗೆ ಹೋಗುತ್ತಿದ್ದರು. ನಾನೂ ಅವರ ಹಿಂದೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ.

ಮೇಷ್ಟ್ರು ಬಂದರು. ಹೊಯ್ಸಳರ ಕಾಲದ ಶಾಸನಗಳ ಬಗ್ಗೆ ಹೇಳತೊಡಗಿದರು. ನಮ್ಮೂರಿನ ಗುಡಿಯ ಮುಂದೆಯೂ ಅಂಥದ್ದೊಂದು ಕಲ್ಲಿತ್ತು. ಅದಕ್ಕೆ ಒರಗಿ ಕೂತು ನಾವು ಹುಡುಗರು ಹುಣಿಸೆಕಾಯಿ ತಿನ್ನುತ್ತಿದ್ದೆವು. ಅದರ ಮೇಲಿನ ಅಕ್ಷರಗಳನ್ನು ಓದಬಹುದು, ಅದರಲ್ಲಿ ನಮ್ಮಂಥವರ ಕಥೆಯೇ ಇರಬಹುದು ಎಂದು ಅಂದೇ ನನಗೆ ತಿಳಿದದ್ದು. ಒಂದು ಗಂಟೆ ಕಳೆದದ್ದೇ ಗೊತ್ತಾಗಲಿಲ್ಲ. ಕೊನೆಗೆ ಹಾಜರಿ ಕರೆದರು. ನನ್ನ ಹೆಸರೇ ಇಲ್ಲ! ಎದ್ದು ನಿಂತೆ. ನನ್ನ ಕೈಲಿದ್ದ ಚಲನ್ ನೋಡಿದ ಮೇಷ್ಟ್ರು ನಕ್ಕು, "ನೀನು ಬಿ.ಕಾಂ. ಕಣಯ್ಯಾ. ಆಚೆ ಕಟ್ಟಡಕ್ಕೆ ಹೋಗು" ಎಂದರು. ಇಡೀ ತರಗತಿ ನಕ್ಕಿತು. ನಾನು ಹೋದೆ. ಮತ್ತೆಂದೂ ಇತಿಹಾಸದ ತರಗತಿಯಲ್ಲಿ ಕೂರಲಿಲ್ಲ.

ನಾನು ಬಿ.ಕಾಂ. ಸೇರಿದ್ದು ಹೇಗೆ ಗೊತ್ತೆ? ಆ ವರ್ಷ ಜುಲೈ 19ರಂದು ಕೇಂದ್ರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಪೇಪರಿನಲ್ಲಿ ಸುದ್ದಿ ಓದಿದ ನಮ್ಮ ಸೋದರಮಾವ, "ಇನ್ನು ಊರೂರಿಗೂ ಬ್ಯಾಂಕು ಬರುತ್ತದೆ. ಬಿ.ಕಾಂ. ಮಾಡಿದವನಿಗೆ ಕೆಲಸ ಖಂಡಿತ" ಎಂದು ತಾವೇ ಫಾರಂ ತುಂಬಿದರು. ನಾನು ಅವರು ತೋರಿಸಿದ ಜಾಗದಲ್ಲಿ ಸಹಿ ಹಾಕಿದೆ. ಮಾವನ ಲೆಕ್ಕ ತಪ್ಪಲಿಲ್ಲ. ಬ್ಯಾಂಕಿನಲ್ಲಿ 38 ವರ್ಷ ಗುಮಾಸ್ತನಾಗಿ ದುಡಿದೆ, ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಮಾವನನ್ನು ದೂರುವುದಿಲ್ಲ. ಆದರೆ "ನಿನಗೇನು ಓದಬೇಕು ಅನ್ನಿಸುತ್ತದೆ?" ಎಂದು ಒಬ್ಬರಾದರೂ ಕೇಳಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುವುದುಂಟು.

ಈ ಹಳೆಯ ಕಥೆಯನ್ನು ಈಗ ಹೇಳಲು ಕಾರಣವಿದೆ. ಈ ವರ್ಷ ನನ್ನ ಮೊಮ್ಮಗಳು ದ್ವಿತೀಯ ಪಿಯುಸಿ ಮುಗಿಸಿ ಪದವಿಗೆ ಸೇರಿದಳು. ನಾವೆಲ್ಲ ಅವಳನ್ನು ಪುಟ್ಟಿ ಎನ್ನುತ್ತೇವೆ. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಅರ್ಜಿ, ಶುಲ್ಕ, ಓಡಾಟದ ಜವಾಬ್ದಾರಿ ತಾತನ ಹೆಗಲಿಗೆ ಬಿತ್ತು.

ಸೈಬರ್ ಸೆಂಟರಿನಲ್ಲಿ ಒಂದು ಸಂಜೆ

ಈಗ ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ ಸೇರಿದ ಕಾಲೇಜುಗಳ ಪ್ರವೇಶಕ್ಕೆ ಯುಯುಸಿಎಂಎಸ್ ಎಂಬ ಜಾಲತಾಣವಿದೆ. ನಾನೂ ಪುಟ್ಟಿಯೂ ಬೀದಿ ತುದಿಯ ಸೈಬರ್ ಸೆಂಟರಿಗೆ ಹೋದೆವು. ಹೆಸರು, ವಿಳಾಸ, ಅಂಕ ಎಲ್ಲ ಆಯಿತು. ವಿಷಯ ಆರಿಸುವ ಪುಟ ಬಂತು. ಸೆಂಟರಿನ ಹುಡುಗ, "ಯಾವ ಕಾಂಬಿನೇಷನ್ ಸರ್?" ಎಂದ.

ನಾನು ತಡಮಾಡದೆ, "ಪಿಎಂಸಿಎಸ್ ಹಾಕಪ್ಪಾ" ಎಂದೆ. ಅಂದರೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ. ಈಗ ಕೆಲಸ ಇರುವುದು ಕಂಪ್ಯೂಟರಿನಲ್ಲಿ ತಾನೆ?

ಪುಟ್ಟಿ ಮಾತಾಡಲಿಲ್ಲ. ಅವಳ ಮುಖ ನೋಡಿದೆ. ಯಾರೋ ತೋರಿಸಿದ ಜಾಗದಲ್ಲಿ ಸಹಿ ಹಾಕಲು ಕೂತ ಹದಿನೇಳು ವರ್ಷದ ಹುಡುಗನೊಬ್ಬ ನನಗೆ ನೆನಪಾದ. ಬ್ಯಾಂಕಿನ ಕೌಂಟರಿನಲ್ಲಿ ಕೂತು ನಾನು ಸಾವಿರಾರು ಜನರಿಗೆ ಹೇಳಿದ್ದು ಒಂದೇ ಮಾತು: "ಖಾಲಿ ಚೀಟಿಗೆ ಸಹಿ ಹಾಕಬೇಡಿ. ಓದಿ ಸಹಿ ಹಾಕಿ." ಈಗ ನನ್ನ ಮೊಮ್ಮಗಳ ಕೈಯಲ್ಲಿ ನಾನೇ ಖಾಲಿ ಚೀಟಿಗೆ ಸಹಿ ಹಾಕಿಸುತ್ತಿದ್ದೆ.

"ತಡಿಯಪ್ಪಾ" ಎಂದು ಹುಡುಗನಿಗೆ ಹೇಳಿ, "ಪುಟ್ಟೀ, ನಿನಗೇನು ಓದಬೇಕು ಅನ್ನಿಸುತ್ತೆ?" ಎಂದು ಕೇಳಿದೆ.

"ಸಿಬಿಝೆಡ್, ತಾತ" ಎಂದಳು ಮೆಲ್ಲಗೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ.

"ಆಮೇಲೆ ಏನು ಮಾಡ್ತೀಯ?"

"ಎಂ.ಎಸ್ಸಿ. ಮಾಡ್ಬೋದು, ಬಿ.ಎಡ್. ಮಾಡಿ ಟೀಚರ್ ಆಗ್ಬೋದು, ಅರಣ್ಯ ಇಲಾಖೆ ಪರೀಕ್ಷೆ ಬರೀಬೋದು. ಎಲ್ಲಾ ವಿಚಾರಿಸಿಕೊಂಡಿದೀನಿ ತಾತ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಅಂದು ಅರ್ಜಿ ಮುಗಿಸದೆ ಮನೆಗೆ ಬಂದೆವು. ರಾತ್ರಿ ಊಟವಾದ ಮೇಲೆ ಅಪ್ಪ ಅಮ್ಮನೂ ಕೂತು ಮಾತಾಡಿದರು. ಮರುದಿನ ಪುಟ್ಟಿಯೇ ಕೀಲಿಮಣೆಯ ಮುಂದೆ ಕೂತಳು. ನಾನು ಪಕ್ಕದಲ್ಲಿ ಕೂತು ಕಾಗುಣಿತ, ಸಂಖ್ಯೆಗಳು ಸರಿಯಿವೆಯೇ ಎಂದು ಮಾತ್ರ ನೋಡಿದೆ. ಗುಮಾಸ್ತನ ಕೆಲಸ ಅದೇ ತಾನೆ!

ಕ್ರೆಡಿಟ್ ಎಂದರೆ ಜಮಾ

ಫಾರಂ ಓದುವಾಗ ಒಂದು ಪದ ನನ್ನ ಕಣ್ಣಿಗೆ ಬಿತ್ತು. ಪ್ರತಿ ವಿಷಯದ ಎದುರಿಗೂ 'ಕ್ರೆಡಿಟ್' ಎಂದು ಬರೆದು ಒಂದು ಅಂಕಿ ಹಾಕಿದ್ದರು. ಬ್ಯಾಂಕಿನವನಿಗೆ ಕ್ರೆಡಿಟ್ ಎಂದರೆ ಖಾತೆಗೆ ಜಮಾ. ವಿಚಾರಿಸಿದಾಗ ಇಲ್ಲಿಯೂ ಅರ್ಥ ಬಹುಪಾಲು ಅದೇ ಎಂದು ತಿಳಿಯಿತು. ಮಕ್ಕಳೇ, ನಿಮಗೂ ಮುಂದೆ ಬೇಕಾಗುತ್ತದೆ, ಕೇಳಿ.

ಯುಜಿಸಿ ಲೆಕ್ಕದಲ್ಲಿ ಒಂದು ಸೆಮಿಸ್ಟರಿನಲ್ಲಿ 15 ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಯೋಗಾಲಯದ ಕೆಲಸವಾದರೆ 30 ಗಂಟೆಗೆ ಒಂದು. ಹಾಗಾದರೆ 3 ಕ್ರೆಡಿಟ್ ಪಾಠವೆಂದರೆ 45 ಗಂಟೆ, 2 ಕ್ರೆಡಿಟ್ ಪ್ರಯೋಗವೆಂದರೆ 60 ಗಂಟೆ. ಬರೀ ಹಾಜರಾದರೆ ಸಾಲದು, ಪಾಸಾದರೆ ಮಾತ್ರ ಜಮಾ ಆಗುತ್ತದೆ. ಯುಜಿಸಿ 2022ರಲ್ಲಿ ಹೊರಡಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಎಂದಿದೆ. ವಿಶ್ವವಿದ್ಯಾನಿಲಯಗಳ ನಡುವೆ ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ನಿಮ್ಮ ಕಾಲೇಜಿನ ಪಟ್ಟಿಯನ್ನೇ ನೋಡಬೇಕು.

ಇನ್ನೂ ಖುಷಿಯ ಸಂಗತಿ ಏನೆಂದರೆ, ಈ ಕ್ರೆಡಿಟ್‌ಗಳನ್ನು ಇಡಲು ನಿಜವಾಗಿಯೂ ಒಂದು ಬ್ಯಾಂಕಿದೆ! 'ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್' ಎಂದು ಅದರ ಹೆಸರು. 2021ರಲ್ಲಿ ಆರಂಭವಾಯಿತು. ಡಿಜಿಲಾಕರ್ ಮೂಲಕ ಪಡೆಯುವ 12 ಅಂಕಿಗಳ 'ಅಪಾರ್' ಸಂಖ್ಯೆಯೇ ಅಲ್ಲಿ ಖಾತೆ ಸಂಖ್ಯೆಯಂತೆ. ಈ ಬ್ಯಾಂಕಿಗೆ ಸೇರಿದ ಬೇರೆ ಸಂಸ್ಥೆಗೆ ವಿದ್ಯಾರ್ಥಿ ಹೋದರೆ ಗಳಿಸಿದ ಕ್ರೆಡಿಟ್ ಜೊತೆಗೇ ಹೋಗುವಂತೆ ವ್ಯವಸ್ಥೆ ಮಾಡಿದ್ದಾರೆ. ಗರಿಷ್ಠ ಏಳು ವರ್ಷ ಅವು ಊರ್ಜಿತ.

"ಹಾಗಾದ್ರೆ ಡೆಬಿಟ್ ಯಾವಾಗ ತಾತ?" ಎಂದಳು ಪುಟ್ಟಿ. ಅದಕ್ಕೂ ಉತ್ತರವಿದೆ. ಪದವಿ ಕೊಟ್ಟ ದಿನ ಆ ಕ್ರೆಡಿಟ್‌ಗಳು ಖಾತೆಯಿಂದ ಖರ್ಚಾಗುತ್ತವೆ. ಅವನ್ನೇ ತೋರಿಸಿ ಇನ್ನೊಂದು ಪದವಿ ಪಡೆಯುವಂತಿಲ್ಲ.

ನಾನು ಅವಳಿಗೆ ಒಂದು ಹಳೆಯ ಲೆಕ್ಕದ ಪುಸ್ತಕ ಕೊಟ್ಟೆ. ವಿಷಯ, ಕ್ರೆಡಿಟ್, ವಾರಕ್ಕೆ ಎಷ್ಟು ಗಂಟೆ ಎಂದು ಕಾಲಂ ಹಾಕಿಕೊಂಡಳು. ಸೆಮಿಸ್ಟರ್ ಮುಗಿದ ಮೇಲೆ ಜಮಾ ಸರಿಯಾಗಿದೆಯೇ ಎಂದು ತಾಳೆ ನೋಡಬೇಕಲ್ಲ!

ಚೀಲದಲ್ಲಿ ಏನಿರಬೇಕು?

ಕಾಲೇಜಿಗೆ ದಾಖಲೆ ತೋರಿಸಲು ಹೋಗುವ ಮೊದಲು ನಾವು ಎಲ್ಲ ಕಾಗದಗಳನ್ನೂ ಊಟದ ಮೇಜಿನ ಮೇಲೆ ಹರಡಿದೆವು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಟಿ.ಸಿ., ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಭಾವಚಿತ್ರಗಳು. ಪ್ರತಿಯೊಂದಕ್ಕೂ ಮೂರು ಝೆರಾಕ್ಸ್.

ಆಗ ಒಂದು ತೊಡಕು ಸಿಕ್ಕಿತು. ಅಂಕಪಟ್ಟಿಯಲ್ಲಿ ಪುಟ್ಟಿಯ ಹೆಸರಿನ ಜೊತೆ ಇನಿಷಿಯಲ್ ಮಾತ್ರ ಇತ್ತು. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಸೇರಿತ್ತು. ಮನುಷ್ಯರಿಗೆ ಇಬ್ಬರೂ ಒಬ್ಬಳೇ ಎಂದು ಗೊತ್ತಾಗುತ್ತದೆ, ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ತಿದ್ದುಪಡಿಗೆ ಎರಡು ದಿನ ಓಡಾಡಿದೆವು. ನಿಮ್ಮ ಮನೆಯಲ್ಲಿ ಒಂಬತ್ತನೇ ತರಗತಿಯ ಮಕ್ಕಳಿದ್ದರೆ ಈಗಲೇ ಹೆಸರು, ಜನ್ಮದಿನಾಂಕ ಎಲ್ಲ ಕಡೆ ಒಂದೇ ಇದೆಯೇ ನೋಡಿಬಿಡಿ.

ಬ್ಯಾಂಕಿನವನಾಗಿ ಇನ್ನು ನಾಲ್ಕು ಮಾತು ಹೇಳುತ್ತೇನೆ.

ಒಂದು: ವಿದ್ಯಾರ್ಥಿವೇತನಕ್ಕೆ ನಮ್ಮ ರಾಜ್ಯದಲ್ಲಿ ಎಸ್‌ಎಸ್‌ಪಿ ಜಾಲತಾಣವಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಆರ್.ಡಿ. ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಹಣ ಬರುವುದು ಆಧಾರ್ ಜೋಡಿಸಿದ ಖಾತೆಗೆ. ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ.

ಎರಡು: ಚಿಕ್ಕವರಿದ್ದಾಗ ತೆರೆದ ಮೈನರ್ ಖಾತೆಯನ್ನು 18 ತುಂಬಿದ ಮೇಲೆ ಸಾಮಾನ್ಯ ಖಾತೆಯಾಗಿ ಬದಲಾಯಿಸಬೇಕು. ಮಗುವಿನ ಹೊಸ ಸಹಿ ಕೊಡಬೇಕು.

ಮೂರು: ಶುಲ್ಕವನ್ನು ಕಾಲೇಜು ಹೇಳಿದ ದಾರಿಯಲ್ಲೇ ಕಟ್ಟಿ, ರಸೀದಿ ಇಟ್ಟುಕೊಳ್ಳಿ. "ಸೀಟು ಕೊಡಿಸುತ್ತೇನೆ, ಓಟಿಪಿ ಹೇಳಿ" ಎಂದು ಫೋನ್ ಮಾಡುವವನಿಗೆ ಏನನ್ನೂ ಹೇಳಬೇಡಿ.

ನಾಲ್ಕು: ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿದ ಮೇಲೆ ಕಾಲೇಜಿನವರು ಹಿಂದಿರುಗಿಸಬೇಕು. ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಮತ್ತೊಂದು ಎಚ್ಚರಿಕೆ. ಪಕ್ಕದ ಮನೆಯ ಅಣ್ಣ ಅಕ್ಕಂದಿರು ಹೇಳುವ ನಿಯಮ ನಿಮ್ಮ ವರ್ಷಕ್ಕೆ ಅನ್ವಯಿಸದೇ ಇರಬಹುದು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಯಾಯಿತು. ಆ ವರ್ಷದ ಕೈಪಿಡಿ ಓದುವುದೇ ಸರಿ.

ಮೂಡಣ ದಿಕ್ಕು ತೋರಿಸುವ ದಿನ

ತರಗತಿ ಶುರುವಾಗುವ ಮೊದಲು ಹೊಸ ವಿದ್ಯಾರ್ಥಿಗಳಿಗೆ 'ಓರಿಯಂಟೇಷನ್' ಎಂದಿತ್ತು. ಈ ಪದದ ಮೂಲ ಲ್ಯಾಟಿನ್ ಭಾಷೆಯ 'ಓರಿಯೆನ್ಸ್'. ಅಂದರೆ ಸೂರ್ಯ ಹುಟ್ಟುವ ಮೂಡಣ ದಿಕ್ಕು. ಹೊಸ ಊರಿನಲ್ಲಿ ಬಸ್ ಇಳಿದವನು "ಪೂರ್ವ ಯಾವ ಕಡೆ?" ಎಂದು ಕೇಳುವುದಿಲ್ಲವೇ, ಹಾಗೆ. ಯುಜಿಸಿ 2019ರಲ್ಲಿ ಇದಕ್ಕೆ 'ದೀಕ್ಷಾರಂಭ' ಎಂಬ ಹೆಸರಿನಲ್ಲಿ ಮಾರ್ಗದರ್ಶಿ ಹೊರಡಿಸಿತು. ಹೊಸ ಮಕ್ಕಳು ಅಧ್ಯಾಪಕರನ್ನೂ ಗೆಳೆಯರನ್ನೂ ಕಾಲೇಜಿನ ರೀತಿನೀತಿಯನ್ನೂ ಅರಿಯಲಿ ಎಂಬುದು ಅದರ ಉದ್ದೇಶ.

"ಅಲ್ಲಿ ಬರೀ ಭಾಷಣ ಇರುತ್ತಂತೆ, ಹೋಗದಿದ್ದರೂ ನಡೆಯುತ್ತಂತೆ" ಎಂದಳು ಪುಟ್ಟಿ. ನಾನು ನನ್ನ ಮೊದಲ ದಿನದ ಕಥೆ ಹೇಳಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಹಿಸ್ಟರಿ ಕ್ಲಾಸಿನಲ್ಲೇ ಇದ್ದುಬಿಡಬೇಕಿತ್ತು ತಾತ ನೀವು" ಎಂದಳು. ನಾನು ಉತ್ತರ ಹೇಳಲಿಲ್ಲ.

ಇಬ್ಬರೂ ಕೂತು ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಮಾಡಿದೆವು. ಕನಿಷ್ಠ ಹಾಜರಾತಿ ಎಷ್ಟು? ಆಂತರಿಕ ಅಂಕ ಹೇಗೆ ಕೊಡುತ್ತಾರೆ? ಆರಿಸಿದ ವಿಷಯ ಬದಲಿಸಲು ಕೊನೆಯ ದಿನ ಯಾವುದು? ಗ್ರಂಥಾಲಯದಿಂದ ಎಷ್ಟು ಪುಸ್ತಕ ತರಬಹುದು? ಕಷ್ಟ ಬಂದರೆ ಯಾವ ಅಧ್ಯಾಪಕರ ಬಳಿ ಹೋಗಬೇಕು? ಕೊನೆಯಲ್ಲಿ ರ್‍ಯಾಗಿಂಗ್ ತಡೆ ಸಹಾಯವಾಣಿ 1800-180-5522 ಬರೆದೆ. ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಬೇಕಾಗದೇ ಇರಲಿ, ಆದರೆ ಕೈಯಲ್ಲಿರಲಿ.

ಆ ದಿನ ಗೇಟಿನವರೆಗೆ ನಾನೂ ಹೋದೆ. ಒಳಗೆ ಹೋಗಲು ಕಾಲು ಎಳೆಯಿತು. ಆದರೆ ಪುಟ್ಟಿ, "ನೀವು ಇಲ್ಲೇ ಇರಿ ತಾತ, ಕೋಣೆ ನಾನೇ ಹುಡುಕ್ತೀನಿ" ಎಂದಳು. ಹೊರಗೆ ಮರದ ಕೆಳಗಿನ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತೆ. ನನ್ನಂತೆಯೇ ಕೂತ ಅಜ್ಜಂದಿರು ಇನ್ನೂ ಮೂವರಿದ್ದರು. ಹೊತ್ತು ಹೋಗಿದ್ದೇ ತಿಳಿಯಲಿಲ್ಲ.

ಅಜ್ಜ ಅಜ್ಜಿಯರೇ, ನಮ್ಮ ಅನುಭವ ಮಕ್ಕಳಿಗೆ ಬೇಕು. ಕಾಗದ ಜೋಡಿಸಲು, ರಸೀದಿ ಕಾಪಾಡಲು, ಮೋಸಗಾರನ ಮಾತು ಗುರುತಿಸಲು ನಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ವಿಷಯ ಆರಿಸುವ ಪುಟ ಬಂದಾಗ ಸ್ವಲ್ಪ ಹಿಂದೆ ಸರಿದು ಕೂರೋಣ. ಮಕ್ಕಳೇ, ನೀವೂ ಅಷ್ಟೇ. ಯಾರೂ ಕೇಳಲಿಲ್ಲ ಎಂದು ಬಾಯಿ ಮುಚ್ಚಿಕೊಂಡು ಕೂರಬೇಡಿ. ಚೆನ್ನಾಗಿ ವಿಚಾರಿಸಿಕೊಂಡು, ಮನೆಯಲ್ಲಿ ಧೈರ್ಯವಾಗಿ ಹೇಳಿ.

ಈಗ ಪುಟ್ಟಿಯ ವೇಳಾಪಟ್ಟಿ ನಮ್ಮ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಕೊಂಡಿದೆ. ಬುಧವಾರ ಮಧ್ಯಾಹ್ನ ಸಸ್ಯಶಾಸ್ತ್ರದ ಪ್ರಾಕ್ಟಿಕಲ್. ಕಳೆದ ವಾರ ಬೆಳಿಗ್ಗೆ ಹಿತ್ತಲಿನಿಂದ ನಮ್ಮವಳ ಕೂಗು ಕೇಳಿಸಿತು: "ಪೂಜೆಗೆ ಇಟ್ಟಿದ್ದ ದಾಸವಾಳ ಎಲ್ಲಾ ಯಾರು ಕಿತ್ತುಕೊಂಡು ಹೋದ್ರು?"

ನಾನು ಪೇಪರಿನಿಂದ ತಲೆ ಎತ್ತಲಿಲ್ಲ.