ಮಣ್ಣೊಳಗಿನ ಬಾಣಂತನ

ಮುಂಗಾರು ಹಿಡಿದ ಮೇಲೆ ಮಲೆನಾಡಿನಲ್ಲಿ ಅಡಿಕೆ ಮರದ ಬುಡ ಬಿಡಿಸುವಾಗಲೋ ಗೊಬ್ಬರದ ಗುಂಡಿ ಕೆದಕುವಾಗಲೋ ಮಿರುಗುವ ಕಂದುನೇರಳೆ ಮೈಯ, ಪಕ್ಕೆಯುದ್ದಕ್ಕೂ ಹಳದಿ ಪಟ್ಟೆಯ ಪ್ರಾಣಿಯೊಂದು ಹೊರಬೀಳುವುದುಂಟು. ಹಾವಿನ ಮರಿಯೆಂದು ಹಾರೆಯ ಏಟು ಬೀಳುತ್ತದೆ. ಅದು ಹಾವಲ್ಲ, ಕಪ್ಪೆಯ ಬಳಗಕ್ಕೆ ಸೇರಿದ ಸಿಸಿಲಿಯನ್. ಈ ಪಟ್ಟೆಯದರ ಹೆಸರು ಇಕ್ತಿಯೋಫಿಸ್ ಬೆಡ್ಡೋಮಿ. ಮನುಷ್ಯರಿಗೆ ಇದರಿಂದ ಯಾವ ಅಪಾಯವೂ ಇಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಹಾವಿನ ಮೈ ಒಣಗಿರುತ್ತದೆ. ಇದರದ್ದು ಲೋಳೆಲೋಳೆ ಚರ್ಮ, ಮೈಸುತ್ತ ಉಂಗುರದಂಥ ಗೆರೆಗಳು. ಎರೆಹುಳಕ್ಕಿಲ್ಲದ ದವಡೆ, ಚೂಪು ಹಲ್ಲು ಇದಕ್ಕಿವೆ. ಎರೆಹುಳವೇ ಇದರ ಊಟ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವಿನಿಂದ ಪುಟ್ಟ ಮೀಸೆಯಂಥ ಅಂಗವೊಂದು ಹೊರಚಾಚಿ ಕತ್ತಲಲ್ಲಿ ವಾಸನೆ ಹಿಡಿಯುತ್ತದೆ. ತಲೆಬುರುಡೆಯ ಎಲುಬುಗಳು ಬೆಸೆದುಕೊಂಡು ಗಟ್ಟಿಯಾಗಿರುವುದರಿಂದ ತಲೆಯಿಂದಲೇ ಮಣ್ಣು ಸೀಳುತ್ತದೆ.

ಆದರೆ ಇವುಗಳ ನಿಜವಾದ ಬೆರಗು ತಾಯ್ತನದಲ್ಲಿದೆ. ಕೀನ್ಯಾದ ತೈತಾ ಬೆಟ್ಟಗಳಲ್ಲಿರುವ ಬೌಲೆಂಜರುಲಾ ಎಂಬ ಸಿಸಿಲಿಯನ್ ಮರಿಗಳಿಗೆ ತನ್ನ ಚರ್ಮವನ್ನೇ ಉಣಿಸುತ್ತದೆಂದು 2006ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಬಾಣಂತನದ ಕಾಲಕ್ಕೆ ತಾಯಿಯ ಹೊರಚರ್ಮ ದಪ್ಪಗಾಗಿ, ಕೊಬ್ಬು ತುಂಬಿಕೊಳ್ಳುತ್ತದೆ. ಅದನ್ನು ಸುಲಿಯಲೆಂದೇ ಮರಿಗಳಿಗೆ ವಿಶೇಷ ಹಲ್ಲುಗಳಿರುತ್ತವೆ. ತಾಯಿ ಅಲುಗದೆ ಮಲಗಿರುತ್ತಾಳೆ, ಮರಿಗಳು ಅವಳ ಮೈಮೇಲೆ ಹರಿದಾಡಿ ಹೊರಪದರವನ್ನು ಕಿತ್ತು ತಿನ್ನುತ್ತವೆ. ಅಲ್ಲಿ ಹೊಸ ಚರ್ಮ ಬೆಳೆಯುತ್ತದೆ.

ಬ್ರೆಜಿಲ್‌ನ ಸೈಫೋನಾಪ್ಸ್ ಆನ್ಯುಲೇಟಸ್ ಕೂಡ ಚರ್ಮ ಉಣಿಸುವ ತಾಯಿಯೇ. ಅದಷ್ಟರಿಂದಲೇ ಮರಿಗಳು ಇಷ್ಟು ಬೇಗ ಬೆಳೆಯುವುದು ಹೇಗೆ? ಬುಟಾಂಟಾನ್ ಸಂಸ್ಥೆಯ ಸಂಶೋಧಕರು ಕ್ಯಾಮೆರಾ ಇಟ್ಟು ನೋಡಿ 2024ರಲ್ಲಿ ಉತ್ತರ ಕೊಟ್ಟರು. ಮರಿಗಳು ಸದ್ದು ಮಾಡುತ್ತ ತಾಯಿಯ ಬಾಲದ ತುದಿಗೆ ಮುತ್ತುತ್ತವೆ. ಅಲ್ಲಿನ ದ್ವಾರದಿಂದ ಕೊಬ್ಬು, ಸಕ್ಕರೆಯುಳ್ಳ ಹಾಲಿನಂಥ ದ್ರವ ಒಸರುತ್ತದೆ. ದಿನಕ್ಕೆ ಹಲವು ಸಲ ಈ ಊಟ. ಅದನ್ನು ಸ್ರವಿಸುವುದು ಅಂಡನಾಳದ ಗ್ರಂಥಿಗಳು. ಮೊಟ್ಟೆಯಿಡುವ ಜೀವಿಯೊಂದು, ಅದೂ ಕಪ್ಪೆಯ ನೆಂಟ, ಹಾಲೂಡಿಸುತ್ತದೆ ಎಂಬುದನ್ನು ನನಗಂತೂ ಎಷ್ಟು ಸಲ ಓದಿದರೂ ಸಾಲದು.

ನಮ್ಮ ಇಕ್ತಿಯೋಫಿಸ್ ಹಿಡಿದಿರುವುದು ಬೇರೆ ದಾರಿ. ಹಳ್ಳದ ಬದಿಯ ಒದ್ದೆ ಮಣ್ಣಿನ ಪೊಟರೆಯಲ್ಲಿ ಗೊಂಚಲು ಮೊಟ್ಟೆಯಿಟ್ಟು, ತಾಯಿ ಅದರ ಸುತ್ತ ಸುರುಳಿ ಸುತ್ತಿ ಕಾಯುತ್ತದೆ. ಒಡೆದು ಬಂದ ಮರಿ ಅಲ್ಲಿಂದ ತಾನೇ ತೆವಳಿ ನೀರು ಸೇರಬೇಕು. ರೂಪ ಬದಲಾಗುವವರೆಗೆ ಅಲ್ಲೇ ಬದುಕಿ, ಆಮೇಲೆ ಮಣ್ಣಿಗೆ ಮರಳುತ್ತದೆ. ತೋಟದಂಚಿನ ಹಳ್ಳದ ದಂಡೆಗೆ ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಮೊಟ್ಟೆಯಿಡುವ ಮಣ್ಣೂ ಹೋಗುತ್ತದೆ, ಮರಿ ನೀರಿಗಿಳಿಯುವ ದಾರಿಯೂ ಮುಚ್ಚುತ್ತದೆ.