ಮ್ಯೂಸಿಯಂ ತುಂಬಿದ್ದು ಯಾರಿಂದ?

ಡೊಂಬಿವಲಿ, ಕಲ್ಯಾಣ, ಠಾಣೆಯ ಕನ್ನಡಿಗರೇ, ಕಾಲಾಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ನೋಡಿದ್ದೀರಾ? ಹಳಬರ ಬಾಯಲ್ಲಿ ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ!

1905ರಲ್ಲಿ ಅಡಿಗಲ್ಲು ಬಿತ್ತು. ಕಟ್ಟಡ ಎದ್ದು ನಿಂತ ಹೊತ್ತಿಗೆ ಮಹಾಯುದ್ಧ. ಅದು ಮಿಲಿಟರಿ ಆಸ್ಪತ್ರೆಯಾಯಿತು. ಜನರಿಗೆ ಬಾಗಿಲು ತೆರೆದದ್ದು 1922ರ ಜನವರಿ 10ರಂದು.

ಅಷ್ಟು ದೊಡ್ಡ ಕಟ್ಟಡದೊಳಗೆ ಇಡುವುದೇನು? 1921ರಲ್ಲಿ ಸರ್ ರತನ್ ಟಾಟಾ ಅವರ ಸಂಗ್ರಹ ಬಂತು. ಇವರು ಜಮ್‌ಶೆಟ್‌ಜಿಯವರ ಮಗ, ನಾವು ಟಿವಿಯಲ್ಲಿ ನೋಡಿದ ರತನ್ ಟಾಟಾ ಅಲ್ಲ. 1933ರಲ್ಲಿ ಅಣ್ಣ ದೊರಾಬ್ಜಿಯವರ ಸಂಗ್ರಹವೂ ಸೇರಿತು. ಚೀನಾದ ಪಿಂಗಾಣಿ, ಯುರೋಪಿನ ಚಿತ್ರಗಳು, ಎಲ್ಲವೂ ಶ್ರೀಮಂತರ ದಿವಾನಖಾನೆಯಿಂದ ನಮ್ಮ ನಿಮ್ಮೆದುರಿಗೆ!

ದಾನ ಕೊಟ್ಟದ್ದು ಉಳಿಯುತ್ತದೆ, ಎರವಲು ತಂದದ್ದು ಮರಳುತ್ತದೆ. 2017ರ ನವೆಂಬರಿನಲ್ಲಿ 'ಇಂಡಿಯಾ ಅಂಡ್ ದಿ ವರ್ಲ್ಡ್' ಪ್ರದರ್ಶನಕ್ಕೆ ಬ್ರಿಟಿಷ್ ಮ್ಯೂಸಿಯಂನಿಂದ ಚಕ್ರ ಎಸೆಯುವವನ ಅಮೃತಶಿಲೆಯ ಪ್ರತಿಮೆ ಬಂದಿತ್ತು. ಮುಂದಿನ ಫೆಬ್ರವರಿಗೆ ಪ್ರದರ್ಶನ ಮುಗಿಯಿತು.

ನನ್ನ ಮಟ್ಟಿಗೆ ಇಲ್ಲಿಯ ನಿಜವಾದ ಆಸ್ತಿ ಶಿಲ್ಪಗಳ ಗ್ಯಾಲರಿ. ಐಹೊಳೆಯ ಹುಚ್ಚಪ್ಪಯ್ಯ ಗುಡಿಯ ಛಾವಣಿಯಲ್ಲಿದ್ದ ಬ್ರಹ್ಮ, ವಿಷ್ಣು, ಶಿವರ ಚಾಲುಕ್ಯ ಫಲಕಗಳು ಅಲ್ಲಿವೆ. ಊರಲ್ಲಿ ತಲೆಯೆತ್ತಿ ನೋಡಬೇಕಾಗಿದ್ದ ಕೆತ್ತನೆಯನ್ನು ಇಲ್ಲಿ ಹತ್ತಿರದಿಂದ ನೋಡಬಹುದು.

ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ಹಿಡಿಯಿರಿ. ವಾಶಿ, ನೆರೂಳದವರಿಗೆ ಹಾರ್ಬರ್ ಲೈನ್ ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.